ತವರದ ದಾರಿ, ರಬ್ಬರಿನ ದಾರಿ

1956ರಲ್ಲಿ ಸಿಂಗಪುರದ ಸರ್ಕಾರ ಎಡಪಂಥೀಯ ನಾಯಕರನ್ನು ಸಾಲಾಗಿ ಹಿಡಿದು ಜೈಲಿಗೆ ಹಾಕಿತು. ಅವರಲ್ಲಿ ಜೇಮ್ಸ್ ಪುತುಚೇರಿ ಎಂಬ ಮಲಯಾಳಿ ಮೂಲದವರೂ ಇದ್ದರು. ಸುಭಾಷರ ಆಜಾದ್ ಹಿಂದ್ ಫೌಜಿನಲ್ಲಿ ಬಂದೂಕು ಹಿಡಿದಿದ್ದ ಅವರು ಚಾಂಗಿ ಜೈಲಿನಲ್ಲಿ ಕೂತು ಕಂಪನಿಗಳ ಲೆಕ್ಕ ಬಿಡಿಸತೊಡಗಿದರು. ಯಾವ ರಬ್ಬರ್ ತೋಟ ಯಾರದು, ಯಾವ ಗಣಿಯ ಷೇರು ಯಾರ ಕೈಯಲ್ಲಿದೆ, ಆಮದು ರಫ್ತಿನ ಏಜೆನ್ಸಿ ಯಾರು ನಡೆಸುತ್ತಾರೆ ಎಂಬ ಲೆಕ್ಕ. ಮಲಯಾದ ಸಂಪತ್ತೆಲ್ಲ ಚೀನಿಯರ ಮುಷ್ಟಿಯಲ್ಲಿದೆ ಎಂದು ಸಂತೆಯಿಂದ ಶಾಸನಸಭೆಯವರೆಗೆ ಎಲ್ಲರೂ ನಂಬಿದ್ದ ಕಾಲ ಅದು. ಪುತುಚೇರಿಯವರ ಲೆಕ್ಕದಲ್ಲಿ ಕಂಡದ್ದೇ ಬೇರೆ: ದೊಡ್ಡ ತೋಟಗಳು, ಯಂತ್ರದ ಗಣಿಗಳು, ಹೊರದೇಶದ ವ್ಯಾಪಾರ ಎಲ್ಲವೂ ಯುರೋಪಿಯನ್ ಕಂಪನಿಗಳವು. ಚೀನಿಯರದು ಅಂಗಡಿ, ದಲ್ಲಾಳಿತನ, ಸಣ್ಣ ಗಣಿ. ಊರಿನವರ ಕಣ್ಣಿಗೆ ದಿನಾ ಬೀಳುತ್ತಿದ್ದವನು ಅಂಗಡಿಯವನು. ಲಂಡನ್ನಿನಲ್ಲಿದ್ದ ಒಡೆಯ ಯಾರಿಗೂ ಕಾಣುತ್ತಿರಲಿಲ್ಲ. ಈ ಬರಹ 1960ರಲ್ಲಿ ಪುಸ್ತಕವಾಗಿ ಬಂತು. ಮಲೇಷ್ಯಾದ ಚೀನಿಯರನ್ನೂ ಭಾರತೀಯರನ್ನೂ ಅಕ್ಕಪಕ್ಕ ಇಟ್ಟು ನೋಡುವ ಅಧ್ಯಯನಗಳ ಕಥೆ ಹೇಳುವವರು ಈ ಜೈಲಿನ ಲೆಕ್ಕವನ್ನು ದಾಟಿ ಹೋಗುವಂತಿಲ್ಲ.

ಹೋಲಿಕೆಗೆ ಈ ಎರಡು ಸಮುದಾಯಗಳು ಮತ್ತೆ ಮತ್ತೆ ವಿದ್ವಾಂಸರನ್ನು ಎಳೆದದ್ದಕ್ಕೆ ಕಾರಣವಿದೆ. ಇಬ್ಬರೂ ಬಂದದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದೇ ಬ್ರಿಟಿಷ್ ಆಡಳಿತದ ಕೆಳಗೆ. ಫುಜಿಯಾನ್, ಗುವಾಂಗ್‌ಡಾಂಗ್ ಕರಾವಳಿಯಿಂದ ಬಂದವರಲ್ಲಿ ಬಹುಪಾಲು ಬಡ ಕೂಲಿಗಳು. ತಮಿಳು ಜಿಲ್ಲೆಗಳಿಂದ ಹಡಗು ಹತ್ತಿದವರೂ ಅಷ್ಟೇ. ಒಂದೇ ಮಳೆಗೆ ಬಿತ್ತಿದ ಎರಡು ಹೊಲಗಳಲ್ಲಿ ಬೆಳೆ ಯಾಕೆ ಬೇರೆಬೇರೆಯಾಯಿತು ಎಂಬುದೇ ನೂರು ವರ್ಷದ ಪ್ರಶ್ನೆ.

ಮೊದಲ ಉತ್ತರಗಳು ಅಧಿಕಾರಿಗಳಿಂದ ಬಂದವು. 1877ರಲ್ಲಿ ಸಿಂಗಪುರದಲ್ಲಿ ಚೀನಿಯರಿಗಾಗಿಯೇ ಒಂದು ರಕ್ಷಣಾ ಇಲಾಖೆ ತೆರೆಯಿತು. ಅದರ ಕಡತಗಳ ತುಂಬ ಗುಪ್ತಸಂಘಗಳು, ಅಫೀಮು, ವ್ಯಾಪಾರದ ಜಗಳಗಳು. ಭಾರತೀಯರ ವಿಷಯ ಹೋದದ್ದು ಕಾರ್ಮಿಕ ಇಲಾಖೆಗೆ. ಅಲ್ಲಿಯ ಕಡತಗಳಲ್ಲಿ ಕೂಲಿ, ಮಲೇರಿಯಾ, ಹೆಣ್ಣುಗಂಡಿನ ಅನುಪಾತ. ಹೀಗೆ ಒಬ್ಬರು ವ್ಯಾಪಾರಿಗಳಾಗಿ, ಇನ್ನೊಬ್ಬರು ಕೂಲಿಗಳಾಗಿ ಕಾಗದಕ್ಕೆ ಇಳಿದರು. 1948ರಲ್ಲಿ ಮಲಯಾದ ಚೀನಿಯರ ಬಗ್ಗೆ ದೊಡ್ಡ ಗ್ರಂಥ ಬರೆದ ವಿಕ್ಟರ್ ಪರ್ಸೆಲ್ ಸ್ವತಃ ಚೀನಿಯರ ವ್ಯವಹಾರ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಭಾರತೀಯರ ಕಡೆಯಿಂದ ಗಮನಿಸಬೇಕಾದದ್ದು ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳ ವರದಿ. ಭಾರತ ಸರ್ಕಾರ ಕಳಿಸಿದ್ದರಿಂದ 1936ರಲ್ಲಿ ತೋಟಗಳನ್ನು ಸುತ್ತಿಬಂದ ಅವರು ಕಂಡದ್ದನ್ನು ಮರುವರ್ಷ ಅಚ್ಚು ಹಾಕಿಸಿದರು.

ಆ ಕಾಲದ ವಿವರಣೆಗಳು ಕೊನೆಗೆ ಬಂದು ನಿಲ್ಲುತ್ತಿದ್ದುದು 'ಸ್ವಭಾವ'ದಲ್ಲಿ. ಚೀನಿಯ ಸಾಹಸಿ, ತಮಿಳ ವಿಧೇಯ, ಮಲಯ ಸೋಮಾರಿ. ತೋಟದ ಮಾಲೀಕನಿಗೆ ಬೇಕಾಗಿದ್ದ ಗುಣವನ್ನೇ ಜನಾಂಗದ ಗುಣವೆಂದು ಬರೆದುಕೊಂಡರು ಎಂದರೆ ತಪ್ಪಾಗದು. ಈ ಮಾತುಗಳ ಬೇರು ಎಲ್ಲಿದೆಯೆಂದು ಸಯ್ಯದ್ ಹುಸೇನ್ ಅಲತಾಸ್ 1977ರಲ್ಲಿ ಅಗೆದು ತೋರಿಸುವವರೆಗೂ ಇವು ಪಠ್ಯಗಳಲ್ಲಿ ನೆಮ್ಮದಿಯಾಗಿ ಕೂತಿದ್ದವು. ಹೆಸರುಗಳ ಕಥೆಯೂ ಹಾಗೆಯೇ. 1891ರ ಜನಗಣತಿ ಹತ್ತಾರು ಗುಂಪುಗಳನ್ನು ಕೆಲವೇ ದೊಡ್ಡ ಕಂಬಸಾಲುಗಳಿಗೆ ತುಂಬಿತು. ಹೊಕ್ಕಿಯೆನ್, ಹಕ್ಕಾ, ಕ್ಯಾಂಟನೀಸ್, ಹೈನಾನೀಸ್ ಎಲ್ಲರೂ 'ಚೀನಿ'ಯಾದರು. ಸಿಖ್ ಪೊಲೀಸ್, ಗುಜರಾತಿ ಜವಳಿ ವ್ಯಾಪಾರಿ, ನಾಟ್ಟುಕೋಟ್ಟೈ ಚೆಟ್ಟಿಯಾರ್, ತೋಟದ ದಲಿತ ಕೂಲಿ ಇವರೆಲ್ಲ ಒಂದೇ ಸಾಲಿಗೆ ಬಿದ್ದರು. ಚಾರ್ಲ್ಸ್ ಹಿರ್ಷ್‌ಮನ್ 1980ರ ದಶಕದಲ್ಲಿ ಈ ಗಣತಿ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿದ ಮೇಲೆ, ಹೋಲಿಸಹೊರಟವರು ಆ ಕಂಬಸಾಲುಗಳನ್ನೇ ಸಂಶಯದಿಂದ ನೋಡುವಂತಾಯಿತು.

ಬರ್ಮಾದಲ್ಲಿ ಅಧಿಕಾರಿಯಾಗಿದ್ದ ಜೆ.ಎಸ್. ಫರ್ನಿವಾಲ್ ಇದಕ್ಕೊಂದು ಚೌಕಟ್ಟು ಕೊಟ್ಟರು: ವಸಾಹತುಗಳಲ್ಲಿ ಜನಾಂಗಗಳು ಮಾರುಕಟ್ಟೆಯಲ್ಲಿ ಮಾತ್ರ ಭೇಟಿಯಾಗುತ್ತವೆ, ಉಳಿದಂತೆ ಬೇರೆಬೇರೆಯಾಗಿ ಬದುಕುತ್ತವೆ. ಅದು ಉಪಯೋಗಕ್ಕೆ ಬಂದ ಚೌಕಟ್ಟೇ. ಆದರೆ ಆ ಮಾರುಕಟ್ಟೆಯನ್ನು ಒಬ್ಬೊಬ್ಬರು ಯಾವ ಬಾಗಿಲಿನಿಂದ ಹೊಕ್ಕರು ಎಂಬುದನ್ನು ಅದು ಕೇಳಲಿಲ್ಲ.

ಬಾಗಿಲಿನ ಪ್ರಶ್ನೆ ಎದ್ದದ್ದು 1970ರ ಆಸುಪಾಸಿನಲ್ಲಿ. ಕರ್ನೈಲ್ ಸಿಂಗ್ ಸಂಧು 1969ರಲ್ಲಿ, ಸಿನ್ನಪ್ಪ ಅರಸರತ್ನಂ ಮತ್ತು ರವೀಂದ್ರ ಕೆ. ಜೈನ್ ಮರುವರ್ಷ ಭಾರತೀಯರ ವಲಸೆಯ ಬಗ್ಗೆ ಬರೆದ ಪುಸ್ತಕಗಳು ಇವತ್ತಿಗೂ ಆಧಾರ. ಅವರು ತೋರಿಸಿದ್ದು ಇಷ್ಟು. ಕಬ್ಬಿನ ತೋಟಕ್ಕೆ ಕರಾರಿನ ಮೇಲೆ ಕೂಲಿಗಳನ್ನು ತರುವ ಪದ್ಧತಿ 1910ರಲ್ಲಿ ನಿಂತಿತು. ಅಷ್ಟರಲ್ಲಿ ರಬ್ಬರ್ ಬಂದಿತ್ತು, ಅದರ ಜೊತೆಗೆ ಕಂಗಾಣಿ. ಕಂಗಾಣಿಯೆಂದರೆ ಕೊಡಗು ಚಿಕ್ಕಮಗಳೂರಿನ ಕಾಫಿ ತೋಟ ಬಲ್ಲವರಿಗೆ ಗೊತ್ತಿರುವ ಮೇಸ್ತ್ರಿಯಂಥವನು. ತನ್ನದೇ ಊರಿಗೆ ಹೋಗಿ, ಸಾಲ ತೀರಿಸಿ, ಮುಂಗಡ ಕೊಟ್ಟು ನೆಂಟರಿಷ್ಟರನ್ನೇ ಕರೆತರುತ್ತಿದ್ದ. ಅವನ ಕೈಕೆಳಗಿನ ಎಷ್ಟು ಜನ ಕೆಲಸಕ್ಕೆ ಬಂದರೋ ಅದರ ಮೇಲೆ ಅವನಿಗೆ ತಲೆಕಾಸು. ಹೀಗೆ ಊರಿನ ಜಾತಿ, ಸಾಲ, ಮರ್ಯಾದೆ ಎಲ್ಲ ಅದೇ ಹಡಗಿನಲ್ಲಿ ಬಂದು ಲೈನ್ ಮನೆಗಳಲ್ಲಿ ಇಳಿದವು. ಶಾಲೆ, ದೇವಸ್ಥಾನ, ಅಂಗಡಿ, ಹೆಂಡದ ಅಂಗಡಿ ಸಮೇತ ಎಲ್ಲವೂ ತೋಟದ ಗೇಟಿನೊಳಗೆ. ಕೂಲಿ ಇಳಿಸಿದ್ದಕ್ಕೆ ಸಿಟ್ಟಾದ ಭಾರತ ಸರ್ಕಾರ 1938ರಲ್ಲಿ ಈ ವಲಸೆಯನ್ನೇ ನಿಲ್ಲಿಸಿತು. ಒಳಗಿದ್ದವರು ಒಳಗೇ ಉಳಿದರು.

ಚೀನಿ ಕೂಲಿಯ ಪಾಡು ಮೊದಮೊದಲು ಇದಕ್ಕಿಂತ ಉತ್ತಮವಾಗಿರಲಿಲ್ಲ. 'ಸಿಂಕೆ' ಎಂದು ಕರೆಸಿಕೊಳ್ಳುತ್ತಿದ್ದ ಹೊಸಬ ಹಡಗಿನ ಬಾಡಿಗೆಯ ಸಾಲ ಹೊತ್ತೇ ಇಳಿಯುತ್ತಿದ್ದ, ಅಫೀಮಿಗೆ ಇನ್ನಷ್ಟು ಸಾಲ ಮಾಡುತ್ತಿದ್ದ. ಲಾರುತ್, ಕಿಂತಾ ಕಣಿವೆಗಳ ತವರದ ಗಣಿಗಳಲ್ಲಿ ಸತ್ತವರಿಗೆ ಲೆಕ್ಕವಿಲ್ಲ. ವ್ಯತ್ಯಾಸವಿದ್ದದ್ದು ಒಡೆಯನಲ್ಲಿ. ಚೀನಿ ಕೂಲಿಯ ತೌಕೆ, ಅಂದರೆ ಧಣಿ, ಚೀನಿಯವನೇ, ಮಾತೂ ಒಂದೇ. ಗಣಿಯ ಸುತ್ತ ಅಂಗಡಿ ಎದ್ದಿತು, ಅಂಗಡಿಯ ಸುತ್ತ ಪೇಟೆ. ಕೌಲಾಲಂಪುರವೇ ಹಾಗೆ ಹುಟ್ಟಿದ ಊರು. ಸಾಲ ತೀರಿಸಿದವನು ಪೇಟೆಯಲ್ಲಿ ಬಂಡಿ ಎಳೆಯಬಹುದಿತ್ತು, ತರಕಾರಿ ಬೆಳೆಯಬಹುದಿತ್ತು, ಇನ್ನೊಬ್ಬನ ಅಂಗಡಿಯಲ್ಲಿ ಲೆಕ್ಕ ಕಲಿಯಬಹುದಿತ್ತು. ರಬ್ಬರ್ ತೋಟದ ತಮಿಳನಿಗೆ ಒಂದು ತೋಟ ಬಿಟ್ಟರೆ ಸಿಗುತ್ತಿದ್ದುದು ಇನ್ನೊಂದು ತೋಟ. (ಮಲಯಾದಲ್ಲಿ ವ್ಯಾಪಾರಕ್ಕಾಗಿ ರಬ್ಬರ್ ನೆಟ್ಟ ಮೊದಲಿಗ ಮಲಕ್ಕಾದ ತಾನ್ ಚೇ ಯಾನ್ ಎಂಬ ಚೀನಿ, 1896ರಲ್ಲಿ. ಚರಿತ್ರೆಗೆ ಇಂಥ ತಮಾಷೆ ಇಷ್ಟ.)

ಸಂಸ್ಕೃತಿಯೇ ಎಲ್ಲಕ್ಕೂ ಕಾರಣ ಎನ್ನುವ ವಾದ ಇಷ್ಟಾದರೂ ಸಾಯಲಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಸೋವೆಲ್ 1996ರಲ್ಲಿ ಜಗತ್ತಿನ ವಲಸೆಗಾರರನ್ನೆಲ್ಲ ಹೋಲಿಸುತ್ತ ಅದನ್ನು ಮತ್ತೆ ಮೇಲೆತ್ತಿದರು. ಅದಕ್ಕೆ ಉತ್ತರ ಮಲಯಾದೊಳಗೇ ಇದೆ. ಯಾಳ್ಪಾಣದಿಂದ (ಜಾಫ್ನಾದಿಂದ) ಬಂದ ಸಿಲೋನ್ ತಮಿಳರ ಮಾತು ತಮಿಳು, ದೇವರು ಅದೇ ಮುರುಗ. ಆದರೆ ಅವರ ಊರಿನಲ್ಲಿ ಮಿಷನರಿಗಳ ಇಂಗ್ಲಿಷ್ ಶಾಲೆಗಳಿದ್ದವು. ಅವರು ಬಂದದ್ದು ಗುಮಾಸ್ತರಾಗಿ, ಸ್ಟೇಷನ್ ಮಾಸ್ಟರುಗಳಾಗಿ. ಅವರ ಮಕ್ಕಳು ವಕೀಲರು, ವೈದ್ಯರಾದರು. ಇದಕ್ಕಿಂತ ಸರಳವಾದ ಪರೀಕ್ಷೆ ಸಿಗುವುದು ಕಷ್ಟ.

ಯುದ್ಧಾನಂತರದ ಒಂದು ಘಟನೆ ಹೋಲಿಕೆಯನ್ನು ಇನ್ನಷ್ಟು ಸಿಕ್ಕಾಗಿಸುತ್ತದೆ. 1948ರಲ್ಲಿ ಕಮ್ಯುನಿಸ್ಟ್ ದಂಗೆ ಶುರುವಾದಾಗ, ಕಾಡಂಚಿನಲ್ಲಿ ನೆಲೆಸಿದ್ದ ಚೀನಿ ರೈತರು ದಂಗೆಕೋರರಿಗೆ ಅನ್ನ ಕೊಡುತ್ತಾರೆಂದು ಬ್ರಿಟಿಷರು ಸುಮಾರು 5 ಲಕ್ಷ ಜನರನ್ನು ಎಬ್ಬಿಸಿ, ಮುಳ್ಳುತಂತಿ ಸುತ್ತಿದ 'ಹೊಸ ಹಳ್ಳಿ'ಗಳಿಗೆ ಸಾಗಿಸಿದರು. ಅದು ಕ್ರೂರ ಕೆಲಸವೇ. ಕಿಂತಾ ಕಣಿವೆಯ ಕೂಲಿಗಳ ಬಗ್ಗೆ ಫ್ರಾನ್ಸಿಸ್ ಲೋ ಬರೆದ 1988ರ ಪುಸ್ತಕ ಓದಿದವರು 'ಶ್ರೀಮಂತ ಚೀನಿ' ಎಂಬ ಮಾತನ್ನು ಸಲೀಸಾಗಿ ಆಡಲಾರರು. ಆದರೆ ಈ ಹಳ್ಳಿಗಳಲ್ಲಿ ಹಲವು ರಸ್ತೆಯ ಬದಿಗೆ, ಪೇಟೆಯ ಹತ್ತಿರ ಇದ್ದವು. ತಂತಿ ಕಿತ್ತ ಮೇಲೆ ರಸ್ತೆ ಉಳಿಯಿತು. ತೋಟದ ತಮಿಳರನ್ನು ಒಂದೆಡೆ ಸೇರಿಸಿದ್ದು ತೋಟದೊಳಗೇ.

ಆ ತೋಟಗಳೂ ಒಡೆಯತೊಡಗಿದವು. ಮಲಯಾದ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹೆದರಿದ ಬ್ರಿಟಿಷ್ ಮಾಲೀಕರು ತುಂಡುತುಂಡಾಗಿ ಮಾರಿ ಹೊರಟರು, ಕೊಂಡವರು ಕೂಲಿಗಳನ್ನು ಹೊರಹಾಕಿದರು. ಇದರ ತನಿಖೆಗೆ ನಿಂತವರು ಅರ್ಥಶಾಸ್ತ್ರಜ್ಞ ಉಂಕು ಅಜೀಜ್. ಭಾರತೀಯರ ನಾಯಕ ವಿ.ಟಿ. ಸಂಬಂಧನ್ 1960ರಲ್ಲಿ ಕೂಲಿಗಳಿಂದಲೇ ಕಂತಿನಲ್ಲಿ ಹಣ ಕೂಡಿಸಿ, ತೋಟ ಕೊಳ್ಳುವ ಸಹಕಾರ ಸಂಘ ಕಟ್ಟಿದರು. 1969ರ ಜನಾಂಗೀಯ ಗಲಭೆಯ ನಂತರ ಪೌರತ್ವವಿಲ್ಲದವರಿಗೆ ಕೆಲಸದ ಪರವಾನಗಿ ಕಡ್ಡಾಯವಾದಾಗ, ಹುಟ್ಟಿದಂದಿನಿಂದ ಅಲ್ಲೇ ಇದ್ದು ಕಾಗದ ಮಾಡಿಸಿಕೊಳ್ಳದ ಸಾವಿರಾರು ತಮಿಳರು ಹಡಗು ಹತ್ತಬೇಕಾಯಿತು.

ಅಲ್ಲಿಂದ ಮುಂದೆ ಈ ಅಧ್ಯಯನಗಳ ಕೈಗೆ ಸರ್ಕಾರದ ಅಂಕಿಅಂಶ ಬಂತು. ಗಲಭೆಯ ಬೆನ್ನಿಗೆ ಬಂದ ಹೊಸ ಆರ್ಥಿಕ ನೀತಿ ಮಲಯರನ್ನು ಮೇಲೆತ್ತಲು ಹೊರಟದ್ದರಿಂದ ಎಲ್ಲರನ್ನೂ ಅಳೆಯಬೇಕಾಯಿತು. ಪರ್ಯಾಯದ್ವೀಪ ಭಾಗದಲ್ಲಿ 1970ರ ಸರಾಸರಿ ಕುಟುಂಬ ಆದಾಯ ತಿಂಗಳಿಗೆ ಮಲಯರದು 172, ಭಾರತೀಯರದು 304, ಚೀನಿಯರದು 394 ರಿಂಗಿಟ್. ಕಂಪನಿ ಷೇರುಗಳಲ್ಲಿ ವಿದೇಶಿಯರ ಪಾಲು ಶೇ. 63.3, ಚೀನಿಯರದು ಶೇ. 27.2, ಮಲಯರದು ಶೇ. 2.4, ಭಾರತೀಯರದು ಶೇ. 1.1. ಪುತುಚೇರಿಯವರು ಜೈಲಿನಲ್ಲಿ ಹೇಳಿದ್ದನ್ನು ಹತ್ತು ವರ್ಷದ ಮೇಲೆ ಸರ್ಕಾರವೇ ಅಚ್ಚು ಹಾಕಿತು. ಆ 304 ರಿಂಗಿಟ್ಟಿನಲ್ಲಿ ಒಂದು ಮೋಸವೂ ಇತ್ತು. ವೈದ್ಯರು, ವಕೀಲರು, ಗುಮಾಸ್ತರ ಸಂಬಳ ಅದನ್ನು ಮೇಲಕ್ಕೆ ಎಳೆದಿತ್ತು. ಅದೇ ವರ್ಷ ಭಾರತೀಯರಲ್ಲಿ ಶೇ. 39.2ರಷ್ಟು ಕುಟುಂಬಗಳು ಬಡತನದಲ್ಲಿದ್ದವು, ಚೀನಿಯರಲ್ಲಿ ಶೇ. 26. ಸರಾಸರಿ ನೋಡಿದವರು ಭಾರತೀಯರಿಗೆ ನೆರವು ಬೇಡವೆಂದುಕೊಂಡರು.

ನೀತಿಯ ಬಿಸಿ ಇಬ್ಬರಿಗೂ ತಟ್ಟಿತು: ವಿಶ್ವವಿದ್ಯಾಲಯದ ಸೀಟು, ಸರ್ಕಾರಿ ನೌಕರಿ, ಪರವಾನಗಿ ಎಲ್ಲದರಲ್ಲೂ ಮಲಯರಿಗೆ ಆದ್ಯತೆ. ಮಲೇಷ್ಯಾದ ಚೀನಿಯರ ಪಕ್ಷ 1975ರಲ್ಲಿ ಜನರ ಹಣ ಕೂಡಿಸಿ ಮಲ್ಟಿ ಪರ್ಪಸ್ ಹೋಲ್ಡಿಂಗ್ಸ್ ಎಂಬ ಕಂಪನಿ ತೆರೆಯಿತು. ಅದನ್ನು ನೋಡಿ ಅಲ್ಲಿಯ ಭಾರತೀಯರ ಪಕ್ಷ 1980ರ ದಶಕದಲ್ಲಿ ಮೈಕಾ ಹೋಲ್ಡಿಂಗ್ಸ್ ಕಟ್ಟಿ, ಹತ್ತು ಕೋಟಿಗೂ ಹೆಚ್ಚು ರಿಂಗಿಟ್ ಸಂಗ್ರಹಿಸಿತು. ಎರಡೂ ಎಡವಿದವು. ಚೀನಿಯರಿಗೆ ಆ ಕಂಪನಿಯ ಹೊರಗೆ ನೂರಾರು ವ್ಯಾಪಾರ ಮನೆತನಗಳಿದ್ದವು, ಖಾಸಗಿ ಕಾಲೇಜುಗಳಿದ್ದವು. ಮೈಕಾದಲ್ಲಿ ಉಳಿತಾಯ ಹೂಡಿದ ತೋಟದ ಕೂಲಿಗೆ ಇನ್ನೊಂದು ದಾರಿಯಿರಲಿಲ್ಲ. 1990ರ ಹೊತ್ತಿಗೆ ಷೇರುಗಳಲ್ಲಿ ಚೀನಿಯರ ಪಾಲು ಶೇ. 45ರ ಆಸುಪಾಸಿಗೆ ಏರಿತ್ತು, ಭಾರತೀಯರದು ಶೇ. 1ರಲ್ಲೇ ನಿಂತಿತ್ತು.

ಇದೇ ಕಾಲದಲ್ಲಿ ಅಧ್ಯಯನಗಳು ಜನಾಂಗ ಬಿಟ್ಟು ವರ್ಗದ ಕಡೆ ಹೊರಳಿದವು. ಮೈಕೆಲ್ ಸ್ಟೆನ್ಸನ್ 1980ರಲ್ಲಿ, ಪಿ. ರಾಮಸಾಮಿ ಮತ್ತು ಸೆಲ್ವಕುಮಾರನ್ ರಾಮಚಂದ್ರನ್ 1994ರಲ್ಲಿ ತೋಟದ ಕಾರ್ಮಿಕರ ಬಗ್ಗೆ ಬರೆದರು. ಎಡ್ಮಂಡ್ ಟೆರೆನ್ಸ್ ಗೋಮೆಜ್ 1999ರಲ್ಲಿ ದೊಡ್ಡ ಚೀನಿ ಕಂಪನಿಗಳನ್ನು ಒಂದೊಂದಾಗಿ ಪರಿಶೀಲಿಸಿ, 'ಚೀನಿಯರೆಲ್ಲ ಒಬ್ಬರಿಗೊಬ್ಬರು ಕೈಹಿಡಿದು ಬೆಳೆದರು' ಎಂಬ ಜನಪ್ರಿಯ ಕಥೆಯ ಗಾಳಿ ತೆಗೆದರು. ಅವರಲ್ಲಿ ಪೈಪೋಟಿಯೇ ಹೆಚ್ಚು. ಶಾಲೆಯ ಬಗ್ಗೆ ಇಂಥ ಕೆಲಸ ಕಡಿಮೆಯೆನ್ನಬೇಕು. ಮಲೇಷ್ಯಾದಲ್ಲಿ ಇಂದು ತಮಿಳು ಪ್ರಾಥಮಿಕ ಶಾಲೆಗಳು ಐನೂರಕ್ಕೂ ಹೆಚ್ಚಿವೆ, ತಮಿಳು ಪ್ರೌಢಶಾಲೆ ಒಂದೂ ಇಲ್ಲ. ಚೀನಿಯರು ಶುಲ್ಕ, ದೇಣಿಗೆಗಳಿಂದ ನಡೆಸುವ ಸ್ವತಂತ್ರ ಪ್ರೌಢಶಾಲೆಗಳು ಸುಮಾರು 60. ದೇಣಿಗೆ ಕೊಡಬಲ್ಲ ಅಂಗಡಿಯವನಿದ್ದ ಕಡೆ ಶಾಲೆ ಬೆಳೆಯಿತು, ತೋಟದ ಮಾಲೀಕ ಕಾನೂನಿಗೆ ಹೆದರಿ ತೆರೆದ ಕಡೆ ಒಂದು ಕೋಣೆಯಲ್ಲೇ ಉಳಿಯಿತು.

ಹೊಸ ತಲೆಮಾರಿನವರು ಆದಾಯಕ್ಕಿಂತ ಆಸ್ತಿಯನ್ನು ಅಳೆಯುತ್ತಾರೆ. ಮೊಹಮ್ಮದ್ ಅಬ್ದುಲ್ ಖಾಲಿದ್ ಅವರ 2014ರ ಪುಸ್ತಕ ಆ ದಿಕ್ಕಿನದು. ಆದಾಯವನ್ನೇ ನೋಡಿದರೆ, 2019ರ ಅಂಕಿಗಳಂತೆ ತಿಂಗಳ ಕುಟುಂಬ ಆದಾಯದ ಮಧ್ಯಾಂಕ ಚೀನಿಯರದು 7,391, ಭಾರತೀಯರದು 5,981 ರಿಂಗಿಟ್. ಭಾರತೀಯರ ಸಾಲಿನಲ್ಲಿ ದೇಶದ ಅತಿ ಶ್ರೀಮಂತರಲ್ಲೊಬ್ಬರಾಗಿದ್ದ, ಸಿಲೋನ್ ತಮಿಳು ಮೂಲದ ಆನಂದ ಕೃಷ್ಣನ್ ಅವರೂ ಇದ್ದರು, ತೋಟದಿಂದ ಎದ್ದು ಅಗ್ಗದ ಫ್ಲ್ಯಾಟಿಗೆ ಬಂದವರೂ ಇದ್ದರು.

ಆ ಎದ್ದುಬಂದವರ ಜೊತೆ ವರ್ಷಗಟ್ಟಲೆ ಮಾತಾಡಿ ಮಾನವಶಾಸ್ತ್ರಜ್ಞ ಆಂಡ್ರ್ಯೂ ವಿಲ್‌ಫೋರ್ಡ್ 2014ರಲ್ಲಿ ಬರೆದದ್ದು ಈ ಸಾಲಿನ ಬಹಳ ಒಳ್ಳೆಯ ಪುಸ್ತಕ. ತೋಟದಲ್ಲಿ ಮನೆ ಸಿಗುತ್ತಿದ್ದುದು ಕೆಲಸದ ಜೊತೆಗೆ. ಕೆಲಸ ಹೋದ ದಿನ ಮನೆಯೂ ಹೋಯಿತು, ಗುಡಿಯೂ ಹೋಯಿತು. ಹಾಗೆ ತೆರವಾದ ತೋಟಗಳಲ್ಲಿ ಪೆರಾಂಗ್ ಬೆಸಾರ್ ಒಂದು. 1990ರ ದಶಕದಲ್ಲಿ ಆ ನೆಲದಲ್ಲಿ ಹೊಸ ಆಡಳಿತ ನಗರಿ ಪುತ್ರಜಯ ಎದ್ದಿತು, ಹಾಲು ಇಳಿಸುತ್ತಿದ್ದ ಕುಟುಂಬಗಳು ದೆಂಗ್‌ಕಿಲ್ಲಿನ ಫ್ಲ್ಯಾಟುಗಳಿಗೆ ಹೋದವು. ಚೀನಿಯರದೆಷ್ಟು, ಭಾರತೀಯರದೆಷ್ಟು ಎಂದು ಕುಟುಂಬಗಳ ಆದಾಯವನ್ನು ಸಾಲುಸಾಲಾಗಿ ಪ್ರಕಟಿಸುವ ಅಂಕಿಅಂಶ ಇಲಾಖೆಯ ಕಚೇರಿ ಇಂದು ಇರುವುದು ಅದೇ ಪುತ್ರಜಯದಲ್ಲಿ.