ಅಲ್ಪಾಕಾ ಉಳಿದದ್ದು ಯಾರ ಮಂದೆಯಲ್ಲಿ?

ಪೆರು ಮತ್ತು ಬೊಲಿವಿಯಾದ ಎತ್ತರದ ಬಯಲುಗಳಲ್ಲಿ ಮೇಯುವ ಅಲ್ಪಾಕಾದ ಚರಿತ್ರೆ ಬರೆದವರು ಸಾಮಾನ್ಯವಾಗಿ ಎರಡು ಕತೆಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮೊದಲನೆಯದು ಇಂಕಾ ಅರಸರದು: ಲೆಕ್ಕವಿಟ್ಟ ಸರ್ಕಾರಿ ಮಂದೆಗಳು, ಆ ಉಣ್ಣೆಯಿಂದ ನೇಯ್ದ ರಾಜವಸ್ತ್ರ, ಸ್ಪೇನಿನವರು ಬಂದಮೇಲೆ ಎಲ್ಲದರ ನಾಶ. ಎರಡನೆಯದು ಇಂಗ್ಲೆಂಡಿನ ಗಿರಣಿಯದು: 1836ರಲ್ಲಿ ಬ್ರಾಡ್‌ಫರ್ಡಿನ ಟೈಟಸ್ ಸಾಲ್ಟ್ ಎಂಬಾತ ಲಿವರ್‌ಪೂಲ್ ಬಂದರಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಅಲ್ಪಾಕಾ ಉಣ್ಣೆಯ ಮೂಟೆಗಳನ್ನು ಕೊಂಡ; ಹತ್ತಿಯ ಹಾಸಿಗೆ ಅದನ್ನು ಹೊಕ್ಕಾಗಿ ಹಾಕಿಸಿ ಹೊಳಪಿನ ಬಟ್ಟೆ ನೇಯಿಸಿದ; ಆ ಲಾಭದಲ್ಲಿ 1853ರ ಹೊತ್ತಿಗೆ ಸಾಲ್ಟೇರ್ ಎಂಬ ಗಿರಣಿಯ ಊರನ್ನೇ ಕಟ್ಟತೊಡಗಿದ. ಎರಡೂ ಕತೆಗಳು ಸುಳ್ಳಲ್ಲ. ಆದರೆ ಅರಮನೆಯಿಂದ ಗಿರಣಿಯವರೆಗಿನ ಮುನ್ನೂರು ವರ್ಷ ಈ ಪ್ರಾಣಿ ಎಲ್ಲಿತ್ತು, ಯಾರು ಸಾಕಿದರು ಎಂಬ ಪ್ರಶ್ನೆಗೆ ಎರಡರಲ್ಲೂ ಉತ್ತರವಿಲ್ಲ. ಸಿಕ್ಕಿರುವ ಸಾಕ್ಷ್ಯಗಳನ್ನು ಜೋಡಿಸಿ ನೋಡಿದರೆ ಅಲ್ಪಾಕಾವನ್ನು ಉಳಿಸಿದ್ದು ಕಲ್ಲಿನ ಗುಡಿಸಲು, ಅದರ ಪಕ್ಕದ ರೊಪ್ಪ, ಹತ್ತಾರು ಪ್ರಾಣಿಗಳ ಮನೆಮಂದೆ ಎಂದೇ ಹೇಳಬೇಕಾಗುತ್ತದೆ.

ಮನೆಮಂದೆಯ ಹಳಮೆಯಿಂದಲೇ ಶುರುಮಾಡಬಹುದು. ಅಲ್ಪಾಕಾ ಲಾಮಾದ ಸಣ್ಣ ತಳಿ ಎಂಬ ನಂಬಿಕೆ ಬಹುಕಾಲ ಇತ್ತು. 2001ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಅದನ್ನು ಬದಿಗೆ ಸರಿಸಿ, ಲಾಮಾ ಬಂದದ್ದು ಗ್ವಾನಾಕೊ ಎಂಬ ಕಾಡುಪ್ರಾಣಿಯಿಂದ, ಅಲ್ಪಾಕಾ ಬಂದದ್ದು ಅತಿ ನವಿರು ಉಣ್ಣೆಯ ವಿಕುನ್ಯಾದಿಂದ ಎಂದು ತೋರಿಸಿತು. ಪೆರುವಿನ ಹುನಿನ್ ಪ್ರಾಂತ್ಯದ ತೆಲಾರ್ಮಚಾಯ್ ಕಲ್ಲಾಸರೆಯಲ್ಲಿ ಸಿಕ್ಕ ಮೂಳೆಗಳ ಆಧಾರದ ಮೇಲೆ ಈ ಪಳಗಿಸುವ ಕೆಲಸ ಸುಮಾರು 6000 ವರ್ಷಗಳ ಹಿಂದೆಯೇ ನಡೆದಿತ್ತೆಂದು ಪುರಾತತ್ವಜ್ಞೆ ಜೇನ್ ವೀಲರ್ ವಾದಿಸಿದರು. ಅಂದರೆ ಕೋಟೆ, ಅರಸು, ಕಂದಾಯ ಯಾವುದೂ ಹುಟ್ಟುವ ಮೊದಲೇ, ಬಂಡೆಯಡಿ ಬಾಳುತ್ತಿದ್ದ ಸಣ್ಣ ಗುಂಪುಗಳ ಕೈಯಲ್ಲಿ ಕಾಡುಪ್ರಾಣಿ ಸಾಕುಪ್ರಾಣಿಯಾಗಿತ್ತು. ಇನ್ನೂ ಗಟ್ಟಿಯಾದ ಸಾಕ್ಷ್ಯ ದಕ್ಷಿಣ ಪೆರುವಿನ ಮೊಕೆಗ್ವಾ ಬಳಿಯ ಎಲ್ ಯಾರಾಲ್‌ನದು. ಅಲ್ಲಿ ಚಿರಿಬಾಯಾ ಜನ ಸುಮಾರು 900ರಿಂದ 1000 ವರ್ಷಗಳ ಹಿಂದೆ ಲಾಮಾ, ಅಲ್ಪಾಕಾಗಳನ್ನು ಬಲಿಕೊಟ್ಟು ಮನೆಗಳ ನೆಲದಡಿ ಹೂತಿದ್ದರು. ಮರುಭೂಮಿಯ ಒಣಹವೆಯಲ್ಲಿ ಆ ದೇಹಗಳು ತುಪ್ಪಳ ಸಮೇತ ಉಳಿದುಕೊಂಡವು. ಅಳೆದು ನೋಡಿದಾಗ ಅತಿ ನವಿರು ಗುಂಪಿನ ಎಳೆಯ ದಪ್ಪ 18 ಮೈಕ್ರಾನ್‌ನ ಆಸುಪಾಸಿನಲ್ಲಿತ್ತು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಇಂದು 22.5 ಮೈಕ್ರಾನ್‌ವರೆಗಿನ ಉಣ್ಣೆಗೆ 'ಬೇಬಿ ಅಲ್ಪಾಕಾ' ಎಂದು ಹೆಸರಿಟ್ಟು ದುಬಾರಿ ಬೆಲೆಗೆ ಮಾರುತ್ತಾರೆ. ಇಂಕಾ ಸಾಮ್ರಾಜ್ಯ ತಲೆಯೆತ್ತುವುದಕ್ಕೆ ಮೂರ್ನಾಲ್ಕು ಶತಮಾನ ಮೊದಲೇ, ಜನ ಮಲಗಿ ಏಳುತ್ತಿದ್ದ ಮನೆಯ ನೆಲದಡಿ ಇದಕ್ಕಿಂತ ಒಳ್ಳೆಯ ಉಣ್ಣೆ ಇತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇಂಕಾ ಆಡಳಿತದ ಸಾಧನೆಯನ್ನು ಇಷ್ಟು ಸುಲಭವಾಗಿ ತಳ್ಳಿಹಾಕಬಹುದೇ? ಖಂಡಿತ ಆಗದು. ಗಂಟುಹಗ್ಗಗಳಾದ ಕೀಪುಗಳಲ್ಲಿ ಪ್ರಾಣಿಗಳ ಎಣಿಕೆ ಇಡುತ್ತಿದ್ದರು. ಮಂದೆಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತಿದ್ದರು. ಕಜ್ಜಿ ಹತ್ತಿದ ಪ್ರಾಣಿಗೆ ಔಷಧಿ ಹಚ್ಚುತ್ತ ಕೂರದೆ ತಕ್ಷಣ ಹೂತುಬಿಡುವ ಕಟ್ಟುನಿಟ್ಟನ್ನು ಹದಿನಾರನೆಯ ಶತಮಾನದ ಸ್ಪ್ಯಾನಿಷ್ ಅಧಿಕಾರಿ ಪೋಲೊ ದೆ ಒಂದೆಗಾರ್ದೊ ದಾಖಲಿಸಿದ್ದಾನೆ. ಬಟ್ಟೆಯೇ ಆ ರಾಜ್ಯದ ಸಂಬಳ, ಉಡುಗೊರೆ, ರಾಜತಾಂತ್ರಿಕ ಸಾಧನವಾಗಿತ್ತೆಂದು ಮಾನವಶಾಸ್ತ್ರಜ್ಞ ಜಾನ್ ಮುರ್ರಾ 1962ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದಾರೆ. ಆದರೆ ಅದೇ ವ್ಯವಸ್ಥೆಯೊಳಗೆ ಅರಸನ ಮಂದೆ, ದೇವಾಲಯದ ಮಂದೆಗಳ ಜೊತೆ ಊರಿನ ಮಂದೆ, ಮನೆಯ ಮಂದೆಗಳೂ ಇದ್ದವು. ಸರ್ಕಾರಿ ಪ್ರಾಣಿಗಳನ್ನು ಕಾಯಲು ಬರುತ್ತಿದ್ದವರು ಕಾಯುವ ವಿದ್ಯೆ ಕಲಿತದ್ದು ತಮ್ಮ ಮನೆಯ ರೊಪ್ಪದಲ್ಲೇ. ಇಂಕಾ ರಾಜ್ಯ ಈ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ದುಡಿಸಿಕೊಂಡಿತು, ಹುಟ್ಟುಹಾಕಲಿಲ್ಲ. ರಾಜ್ಯ ಮುರಿದಾಗ ಯಾವುದು ಉಳಿಯಿತು ಎಂಬುದೇ ಇದಕ್ಕೆ ಪರೀಕ್ಷೆ.

1532ರ ಸ್ಪೇನಿನ ದಾಳಿಯ ನಂತರ ಹೇಳುವವರು ಕೇಳುವವರು ಇಲ್ಲದಂತಾದ ಅರಸುಮಂದೆ, ದೇವಾಲಯದ ಮಂದೆಗಳು ಸೂರೆಹೋದವು. ಅದರ ಬೆನ್ನಿಗೇ ಕಜ್ಜಿಯ ಪಿಡುಗು ಬಂತು. 1544 ಮತ್ತು 1545ರಲ್ಲಿ ಅದು ಪ್ರಾಣಿಗಳಲ್ಲಿ ಮೂರರಲ್ಲಿ ಎರಡು ಪಾಲನ್ನು ಬಲಿತೆಗೆದುಕೊಂಡಿತೆಂದು ಚರಿತ್ರೆಕಾರ ಇಂಕಾ ಗಾರ್ಸಿಲಾಸೊ ಬರೆಯುತ್ತಾನೆ. ಸ್ಪೇನಿನ ಕುರಿಗಳು ಕಣಿವೆಗಳನ್ನೂ ತಗ್ಗಿನ ಹುಲ್ಲುಗಾವಲುಗಳನ್ನೂ ಆಕ್ರಮಿಸಿದಂತೆ ಅಲ್ಪಾಕಾ ಮೇಲಕ್ಕೆ ಸರಿಯಿತು. ಕೊನೆಗೆ ಅದಕ್ಕೆ ದಕ್ಕಿದ್ದು 4000 ಮೀಟರಿನ ಆಚೀಚೆಯ ಪೂನಾ: ಬೇಸಾಯಕ್ಕೆ ಒದಗದ, ರಾತ್ರಿ ಹಿಮಗಟ್ಟುವ, ಹೊರಗಿನವರು ಬೇಡವೆಂದು ಬಿಟ್ಟ ನೆಲ. ಆ ಹೊತ್ತಿಗೆ ಲೆಕ್ಕದ ಕೀಪುಗಳಿರಲಿಲ್ಲ, ರಾಜವಸ್ತ್ರದ ನೇಯ್ಗೆಶಾಲೆಗಳಿರಲಿಲ್ಲ. ಮನೆಯ ನಂಬಿಕೆ ಮಾತ್ರ ಬಿಟ್ಟುಹೋಗಿರಲಿಲ್ಲ. 1621ರಲ್ಲಿ 'ವಿಗ್ರಹಾರಾಧನೆ'ಯನ್ನು ಬೇರುಸಹಿತ ಕಿತ್ತೊಗೆಯಲು ಹೊರಟ ಪಾದ್ರಿ ಅರ್ರಿಯಾಗಾ, ಮನೆಮನೆಯಲ್ಲೂ ಬಚ್ಚಿಟ್ಟಿದ್ದ ಕೊನೊಪಾಗಳ ಬಗ್ಗೆ ದೂರುತ್ತಾನೆ. ಅವು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿದ್ದ ಮನೆದೇವರುಗಳು. ಬೆನ್ನಿನ ಮೇಲೆ ಕೊಬ್ಬು ತುಂಬಲು ಗುಳಿಯಿರುವ ಕಲ್ಲಿನ ಪುಟ್ಟ ಅಲ್ಪಾಕಾಗಳು ಅವುಗಳಲ್ಲಿ ಪ್ರಸಿದ್ಧ. ಸೂರ್ಯದೇವಾಲಯ ಬಿದ್ದರೂ ಮಂದೆಯ ಸಂತಾನ ಕೋರುವ ಈ ಪೂಜೆ ಬೇರೆ ಬೇರೆ ರೂಪದಲ್ಲಿ ಇಪ್ಪತ್ತನೆಯ ಶತಮಾನದವರೆಗೂ ನಡೆದುಬಂತು. ಪ್ರಾಣಿಯೂ ಪೂಜೆಯೂ ಒಂದೇ ಸೂರಿನಡಿ ಉಳಿದದ್ದು ಕಾಕತಾಳೀಯವಲ್ಲ.

ಸಣ್ಣ ಮಂದೆಗೆ ಈ ತಾಳಿಕೆ ಎಲ್ಲಿಂದ ಬಂತೆಂಬುದಕ್ಕೆ ಪೆರುವಿನ ಮಾನವಶಾಸ್ತ್ರಜ್ಞ ಹೋರ್ಹೆ ಫ್ಲೋರೆಸ್ ಒಚೋವಾ ಪುನೊ ಪ್ರಾಂತ್ಯದ ಪರಾತಿಯಾದ ಬಗ್ಗೆ 1968ರಲ್ಲಿ ಪ್ರಕಟಿಸಿದ ಅಧ್ಯಯನ ನೆರವಾಗುತ್ತದೆ. ಅಲ್ಲಿನವರಿಗೆ ಹೊಲವಿರಲಿಲ್ಲ. ಉಣ್ಣೆ, ನೇಯ್ಗೆ, ಒಣಮಾಂಸವನ್ನು ಲಾಮಾಗಳ ಬೆನ್ನಿಗೇರಿಸಿ ಕಣಿವೆಗೆ ಇಳಿದು ಮೆಕ್ಕೆಜೋಳ, ಆಲೂಗಡ್ಡೆ ತರುತ್ತಿದ್ದರು. ಮಂದೆಯೇ ಅವರ ಕಣಜವಾಗಿತ್ತು. ಇಂಥ ಮನೆಯಲ್ಲಿ ಅಲ್ಪಾಕಾದ ಯಾವ ಭಾಗವೂ ದಂಡವಾಗುವುದಿಲ್ಲ. ಪ್ರಾಣಿಗಳು ಗೊತ್ತಾದ ಜಾಗದಲ್ಲೇ ಹಿಕ್ಕೆ ಹಾಕುವುದರಿಂದ ಅದನ್ನು ಸುಲಭವಾಗಿ ಗುಡ್ಡೆಮಾಡಬಹುದು. ಮರವಿಲ್ಲದ ನಾಡಿನಲ್ಲಿ ಒಲೆ ಉರಿಯುವುದು ಅದರಿಂದ. ಅಲ್ಪಾಕಾಕ್ಕೆ ಬೇಕಾದ ಮೆತ್ತನೆಯ ಹಸಿಹುಲ್ಲು ಬೆಳೆಯುವ ಬೊಫೆದಾಲ್ ಎಂಬ ಜೌಗುಗಳೂ ಪೂರ್ತಿ ನಿಸರ್ಗದ ಕೊಡುಗೆಯಲ್ಲ. ಮನೆಯವರು ಸಣ್ಣ ಕಾಲುವೆ ತೋಡಿ, ನೀರು ಹಾಯಿಸಿ, ತಲೆಮಾರುಗಟ್ಟಲೆ ಹಲವು ಜೌಗುಗಳನ್ನು ಹಿಗ್ಗಿಸಿದ್ದಾರೆ. ಹೆಣ್ಣು ಹನ್ನೊಂದು ತಿಂಗಳಿಗೂ ಹೆಚ್ಚು ಕಾಲ ಗಬ್ಬವಾಗಿದ್ದು ಒಂದೇ ಮರಿ ಹಾಕುತ್ತದೆ, ಅದೂ ಬಹುಪಾಲು ಮಳೆಗಾಲದ ಹಗಲಿನಲ್ಲಿ. ಹುಟ್ಟಿದ ಮರಿ ಸಂಜೆಯ ಚಳಿಗೆ ಮುನ್ನ ಒಣಗಿ, ಎದ್ದು, ಮೊಲೆ ಹಿಡಿಯಬೇಕು. ಹೆಂಗಸರು ಮಕ್ಕಳೂ ಸೇರಿ ದಿನವಿಡೀ ಮಂದೆಯ ಜೊತೆ ಇದ್ದರೆ ಮಾತ್ರ ಇದು ಸಾಧ್ಯ. ವರ್ಷಕ್ಕೆ ಒಂದು ಪ್ರಾಣಿಯಿಂದ ಸಿಗುವ ಉಣ್ಣೆ ಒಂದೂವರೆ, ಎರಡು ಕಿಲೊ. ಇಷ್ಟು ನಿಧಾನವಾಗಿ ಹೆಚ್ಚುವ, ಇಷ್ಟು ಕಡಿಮೆ ಕೊಡುವ ಪ್ರಾಣಿಯನ್ನು ಕೂಲಿ ಲೆಕ್ಕದಲ್ಲಿ ಸಾಕಹೊರಟರೆ ಲೆಕ್ಕ ಕೂಡುವುದು ಕಷ್ಟ. ಮನೆಯ ಬದುಕಿನ ಲೆಕ್ಕದಲ್ಲಿ ಕೂಡುತ್ತದೆ.

ಈ ಮಾತನ್ನು ಪರೀಕ್ಷಿಸಲು ಚರಿತ್ರೆಯೇ ಒಂದು ಪ್ರಯೋಗ ಒದಗಿಸಿದೆ. ಪೆರು ಜೀವಂತ ಅಲ್ಪಾಕಾದ ರಫ್ತನ್ನು ನಿಷೇಧಿಸಿದ್ದ ಕಾಲದಲ್ಲಿ ಚಾರ್ಲ್ಸ್ ಲೆಡ್ಜರ್ ಎಂಬ ಇಂಗ್ಲಿಷ್ ವ್ಯಾಪಾರಿ ಮಂದೆಯೊಂದನ್ನು ಬಳಸುದಾರಿಯಲ್ಲಿ ಚಿಲಿಯ ಕರಾವಳಿಗೆ ಹೊಡೆದು ತಂದು, ಹಡಗೇರಿಸಿ, 1858ರ ನವೆಂಬರಿನಲ್ಲಿ 250ಕ್ಕೂ ಹೆಚ್ಚು ಪ್ರಾಣಿಗಳನ್ನು ಸಿಡ್ನಿಯಲ್ಲಿ ಇಳಿಸಿದ. ನ್ಯೂ ಸೌತ್ ವೇಲ್ಸ್ ಸರ್ಕಾರ ಮಂದೆಯನ್ನು ಕೊಂಡುಕೊಂಡಿತು. ಕೆಲವೇ ವರ್ಷಗಳಲ್ಲಿ ಅದು ಹಂಚಿ ಚದುರಿ ಹೋಯಿತು. ಹವೆ ಒಗ್ಗಲಿಲ್ಲ ಎನ್ನುವಂತಿಲ್ಲ, ಏಕೆಂದರೆ 1980ರ ದಶಕದ ನಂತರ ಅದೇ ಆಸ್ಟ್ರೇಲಿಯಾದಲ್ಲಿ ಅಲ್ಪಾಕಾ ಚೆನ್ನಾಗಿಯೇ ಬೆಳೆದಿದೆ. 1858ರಲ್ಲಿ ಇಲ್ಲದ್ದು ಆ ಪ್ರಾಣಿಯನ್ನು ನೆಚ್ಚಿ ಬದುಕುವ ಮನೆಗಳು. ಬೇಗ ಲಾಭ ಕಾಣದ ಸರ್ಕಾರಿ ಸಾಹಸಕ್ಕೆ ತಾಳ್ಮೆ ಉಳಿಯಲಿಲ್ಲ. ಇದೇ ಲೆಡ್ಜರ್ 1865ರಲ್ಲಿ ಹೊರಸಾಗಿಸಿದ ಸಿಂಕೋನಾ ಬೀಜ ಡಚ್ಚರ ಜಾವಾ ತೋಟಗಳಲ್ಲಿ ಬೇರೂರಿ ಜಗತ್ತಿನ ಕ್ವಿನೈನ್ ವ್ಯಾಪಾರವನ್ನೇ ಬದಲಿಸಿತು. ತೋಟದ ಶಿಸ್ತಿಗೆ ಒಗ್ಗುವ ಗಿಡ ಒಡೆಯನನ್ನು ಬದಲಿಸಿ ಬಾಳಿತು, ಮನೆಯ ಬಾಳಿಗೆ ಒಗ್ಗಿದ ಪ್ರಾಣಿ ಬಾಳಲಿಲ್ಲ.

ಹಾಗಾದರೆ ಗಿರಣಿಯ ಪಾತ್ರವೇನು? ಬ್ರಾಡ್‌ಫರ್ಡಿನ ಬೇಡಿಕೆ ಬಾರದಿದ್ದರೆ ಅಲ್ಪಾಕಾ ಮೂಲೆಗುಂಪಾಗಿಯೇ ಇರುತ್ತಿತ್ತು, ಮಾರುಕಟ್ಟೆಯೇ ಅದನ್ನು ಕಾಪಾಡಿತು ಎನ್ನುವವರಿದ್ದಾರೆ. ಬೇಡಿಕೆ ಪ್ರಾಣಿಗೆ ಬೆಲೆ ತಂದದ್ದು ನಿಜ. 1870ರ ದಶಕದಲ್ಲಿ ಅರೆಕಿಪಾ ನಗರದಿಂದ ಪುನೊಗೆ ರೈಲು ಬಂದಮೇಲೆ ಉಣ್ಣೆಯ ವ್ಯಾಪಾರ ಅರೆಕಿಪಾದ ವರ್ತಕ ಮನೆತನಗಳ ಕೈಗೆ ಬಿಗಿಯಾಯಿತು. ಬೆಲೆ ಏರಿದಂತೆ ಜಮೀನ್ದಾರರ ಹಸಿಯೆಂದಾಗಳು ಊರುಗಳ ಹುಲ್ಲುಗಾವಲನ್ನು ನುಂಗತೊಡಗಿದವು. ಆದರೂ ದಕ್ಷಿಣ ಪೆರುವಿನ ಉಣ್ಣೆ ವ್ಯಾಪಾರವನ್ನು ಅಧ್ಯಯನ ಮಾಡಿದ ಇತಿಹಾಸಕಾರರು ಗುರುತಿಸಿದ ವ್ಯತ್ಯಾಸವೊಂದಿದೆ: ಹಸಿಯೆಂದಾಗಳಿಂದ ಬರುತ್ತಿದ್ದದ್ದು ಮುಖ್ಯವಾಗಿ ಕುರಿಯ ಉಣ್ಣೆ, ಅಲ್ಪಾಕಾ ಉಣ್ಣೆಯ ಹೆಚ್ಚು ಪಾಲು ಬರುತ್ತಿದ್ದದ್ದು ಕೆಚುವಾ, ಅಯ್ಮಾರಾ ಜನರ ಸಣ್ಣ ಮನೆಗಳಿಂದ, ದಲ್ಲಾಳಿಗಳ ಮೂಲಕ. ಸಾಲ್ಟೇರಿನ ಮಗ್ಗಗಳಿಗೆ ಬೇಕಾದ ಸರಕು ದೊಡ್ಡ ಎಸ್ಟೇಟುಗಳಲ್ಲಿ ತಯಾರಾದದ್ದಲ್ಲ. ಮುನ್ನೂರು ವರ್ಷ ಉಳಿಸಿಕೊಂಡು ಬಂದವರ ಬಳಿ ಸಿದ್ಧವಾಗಿತ್ತು. 1969ರ ಭೂಸುಧಾರಣೆ ಹಸಿಯೆಂದಾಗಳನ್ನು ಒಡೆದು ಬೃಹತ್ ಸಹಕಾರಿ ಸಂಸ್ಥೆಗಳನ್ನು ಕಟ್ಟಿತು. 1980ರ ದಶಕದಲ್ಲಿ ಪುನೊದ ಊರವರು ಆ ಸಹಕಾರಿಗಳ ನೆಲವನ್ನೂ ಕೇಳಿ ಪಡೆದರು. ಅರಸು, ಜಮೀನ್ದಾರ, ಸಹಕಾರಿ ಎಂದು ದೊಡ್ಡ ಮಂದೆಯ ರೂಪಗಳು ಒಂದರ ಹಿಂದೊಂದು ಬಂದು ಹೋದವು. 2012ರ ಕೃಷಿ ಗಣತಿ ಪೆರುವಿನಲ್ಲಿ ಎಣಿಸಿದ 36 ಲಕ್ಷಕ್ಕೂ ಹೆಚ್ಚು ಅಲ್ಪಾಕಾಗಳಲ್ಲಿ ಬಹುಪಾಲು ಸಣ್ಣ ಮಂದೆಗಳಲ್ಲೇ ಇದ್ದವು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಗುಣಮಟ್ಟದ್ದು. ಎಲ್ ಯಾರಾಲ್‌ನ ನವಿರು ಹೋಗಿ ಇಂದಿನ ಉಣ್ಣೆ ಒರಟಾಗಿದೆ. 2001ರ ಅದೇ ಡಿಎನ್‌ಎ ಅಧ್ಯಯನದಲ್ಲಿ ಅಲ್ಪಾಕಾಗಳ ಪೈಕಿ ನೂರಕ್ಕೆ ಎಂಬತ್ತರಷ್ಟರಲ್ಲಿ ಲಾಮಾದೊಂದಿಗಿನ ಬೆರಕೆಯ ಗುರುತು ಕಂಡಿತು. ಬೀಜದ ಗಂಡನ್ನು ಆರಿಸುವ ಸೌಲಭ್ಯ ಸಣ್ಣ ಮಂದೆಗೆ ಇಲ್ಲ, ಆದ್ದರಿಂದ ತಳಿ ಕೆಟ್ಟಿತು ಎಂದು ದೂರುವುದುಂಟು. ಇದರಲ್ಲಿ ಅರ್ಧ ನಿಜವಿದೆ. ಆದರೆ ಬೆರಕೆಗೆ ಬಾಗಿಲು ತೆರೆದದ್ದು ದಾಳಿಯ ನಂತರದ ಪತನ: ಬೇರೆ ಬೇರೆ ಕಾಯುತ್ತಿದ್ದ ಎರಡು ಬಗೆಯ ಪ್ರಾಣಿಗಳ ಅಳಿದುಳಿದ ತುಣುಕುಗಳು ಒಂದೇ ಗುಡ್ಡದ ಮೇಲೆ ಸೇರಬೇಕಾಯಿತು. ಎರಡನೆಯ ಕಾರಣ ತಕ್ಕಡಿ. ದಲ್ಲಾಳಿ ಉಣ್ಣೆಯನ್ನು ತೂಕದ ಮೇಲೆ ಕೊಳ್ಳುವಾಗ ದಪ್ಪ ಎಳೆಯ ಭಾರದ ತುಪ್ಪಳವೇ ಲಾಭ. ನವಿರನ್ನು ಕಾಪಾಡಿದ ಮನೆಗೆ ನಷ್ಟ. ಬಣ್ಣದ ವಿಷಯವೂ ಹಾಗೆಯೇ. ಯಾವ ಬಣ್ಣ ಬೇಕಾದರೂ ಹಾಕಬಹುದೆಂದು ಗಿರಣಿಗಳು ಬಿಳಿಗೆ ಹೆಚ್ಚು ಬೆಲೆ ಕೊಟ್ಟವು. ಕಪ್ಪು, ಕಂದು, ಬೂದು ಪ್ರಾಣಿಗಳು ಮಂದೆಗಳಿಂದ ಕಡಿಮೆಯಾಗುತ್ತ ಬಂದು, ಕೊನೆಗೆ ಪುನೊದ ಕಿಮ್ಸಾಚಾತಾ ಸರ್ಕಾರಿ ಕೇಂದ್ರ ಬಣ್ಣದ ಅಲ್ಪಾಕಾಗಳನ್ನು ತಳಿ ರಕ್ಷಣೆಗೆಂದೇ ಸಾಕಬೇಕಾಯಿತು. ಹಲವು ಬಣ್ಣ, ಹಲವು ವಯಸ್ಸಿನ ಪ್ರಾಣಿಗಳನ್ನು ಬೆರೆಸಿ ಸಾಕುವುದು ಮನೆಮಂದೆಯ ಹಳೆಯ ಜಾಣತನ. ಅದನ್ನು ತೊರೆಯುವಂತೆ ಮಾಡಿದ್ದು ಮಾರುಕಟ್ಟೆಯ ಬೆಲೆಪಟ್ಟಿ.

ಸಣ್ಣ ಮಂದೆ ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದೂ ಅಲ್ಲ. 1984ರಿಂದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಅಲ್ಪಾಕಾ ಬಂದಾಗ ಅಲ್ಲಿಯೂ ಅದು ಸಣ್ಣ ಕುಟುಂಬ ಫಾರ್ಮುಗಳ ಪ್ರಾಣಿಯಾಯಿತು. 1998ರಲ್ಲಿ ವಂಶಾವಳಿ ದಾಖಲೆಯನ್ನು ಹೊರಗಿನ ಪ್ರಾಣಿಗಳಿಗೆ ಮುಚ್ಚಿದ ಮೇಲೆ ಒಂದೊಂದು ಹೆಣ್ಣಿಗೆ ಹತ್ತಾರು ಸಾವಿರ ಡಾಲರ್ ಬೆಲೆ ಬಂತು. ಆ ಬೆಲೆಗೂ ಉಣ್ಣೆಯಿಂದ ಬರಬಹುದಾದ ಆದಾಯಕ್ಕೂ ಸಂಬಂಧವೇ ಇಲ್ಲವೆಂದು ಕ್ಯಾಲಿಫೋರ್ನಿಯಾದ ಕೃಷಿ ಅರ್ಥಶಾಸ್ತ್ರಜ್ಞರಾದ ಸೈಟೋನ್ ಮತ್ತು ಸೆಕ್ಸ್‌ಟನ್ 2007ರಲ್ಲಿ ತೋರಿಸಿದರು. ಮುಂದೆ ಬೆಲೆ ಕುಸಿಯಿತು. ಅಲ್ಲಿನ ಮನೆಗಳು ಒಬ್ಬರಿಗೊಬ್ಬರು ಪ್ರಾಣಿ ಮಾರಿ ಗಳಿಸುತ್ತಿದ್ದವು. ಪೂನಾದ ಮನೆ ಪ್ರಾಣಿಯನ್ನು ಉಟ್ಟು, ಉಂಡು, ಉರಿಸಿ, ವಿನಿಮಯ ಮಾಡಿ ಬದುಕುತ್ತದೆ. ಮಂದೆಗೆ ತಾಳಿಕೆ ತರುವುದು ಈ ಬಹುಬಗೆಯ ಉಪಯೋಗವೇ ಹೊರತು ಮಂದೆಯ ಗಾತ್ರವಲ್ಲ.

ಇಷ್ಟೆಲ್ಲ ಹೇಳುವುದು ಬಡತನವನ್ನು ಹಾಡಿ ಹೊಗಳುವುದಾಗದೇ ಎಂದು ಕೇಳಬಹುದು. ಪೂನಾದ ಮನೆಗಳು ಪೆರುವಿನ ಕಡುಬಡವರ ಸಾಲಿನಲ್ಲಿವೆ; ಚಳಿಯಲೆ ಬಂದ ವರ್ಷ ಮರಿಗಳು ಸಾಲುಸಾಲಾಗಿ ಸಾಯುತ್ತವೆ; ಓದಿದ ಮಕ್ಕಳು ಊರು ಬಿಡುತ್ತಾರೆ. ಚರಿತ್ರೆ ಹೇಳುವುದೂ ಇದನ್ನೇ. ಐದು ಶತಮಾನ ಈ ಪ್ರಾಣಿಯ ಕಷ್ಟನಷ್ಟ ಹೊತ್ತವರು ಒಬ್ಬರು, ಬೆಲೆ ನಿರ್ಧರಿಸಿದವರು ಇನ್ನೊಬ್ಬರು. ವಿಶ್ವಸಂಸ್ಥೆ 2024ನ್ನು ಅಲ್ಪಾಕಾವೂ ಸೇರಿದ ಒಂಟೆ ಕುಲದ ಪ್ರಾಣಿಗಳ ವರ್ಷವೆಂದು ಆಚರಿಸಿತು. ಅಂಥ ಗೌರವಕ್ಕೆ ಅರ್ಥ ಬರುವುದು ಎಳೆಯ ನವಿರನ್ನು ಅರೆಕಿಪಾದ ಗೋದಾಮಿನಲ್ಲಿ ವಿಂಗಡಿಸುವ ಮೊದಲೇ ರೊಪ್ಪದ ಬಾಗಿಲಲ್ಲಿ ಅಳೆದು, ಅದರ ಬೆಲೆಯನ್ನು ಸಾಕಿದವರ ಕೈಗೆ ಕೊಟ್ಟಾಗ. ಅಲ್ಪಾಕಾವನ್ನು ಉಳಿಸಲು ಹೊಸ ಒಡೆಯರನ್ನು ಹುಡುಕಬೇಕಾಗಿಲ್ಲ. ಉಳಿಸಿದವರು ಯಾರೆಂದು ಚರಿತ್ರೆಯಲ್ಲಿ ಸರಿಯಾಗಿ ಬರೆದರೆ, ಹಣ ಯಾರಿಗೆ ಸಲ್ಲಬೇಕೆಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ.