ವಠಾರ ಹೋಗಿ ಅಪಾರ್ಟ್‌ಮೆಂಟ್ ಬಂತು

1898ರ ಪ್ಲೇಗ್ ಬೆಂಗಳೂರಿನ ಇಕ್ಕಟ್ಟಾದ ಪೇಟೆಯ ಜನರನ್ನು ತತ್ತರಿಸುವಂತೆ ಮಾಡಿತು. ಅದಾದ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೆಳೆದವು. ಅಗಲವಾದ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸುವ ಗಲ್ಲಿ, ಎಲ್ಲವೂ ಆರೋಗ್ಯದ ದೃಷ್ಟಿಯಿಂದ ಆದವು. ಓದಲು, ನೌಕರಿಗೆಂದು ಬಂದವರಿಗೆ ಇಂಥ ಬಡಾವಣೆಗಳಲ್ಲಿ ವಠಾರಗಳೂ ಎದ್ದವು. ಹೆಂಚು ಹೊದಿಸಿದ ಸಾಲುಮನೆಗಳು; ನಡುಗೋಡೆ ಇಬ್ಬರಿಗೂ ಸೇರಿದ್ದು, ಅಂಗಳ ಮತ್ತು ನಲ್ಲಿ ಎಲ್ಲರಿಗೂ ಸೇರಿದ್ದು.

ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ಅಂಥದೊಂದು ವಠಾರದಲ್ಲಿ, ಚಿಕ್ಕಪ್ಪನ ಮನೆಯಲ್ಲಿದ್ದು ಇಂಜಿನಿಯರಿಂಗ್ ಓದಿದೆ. ಮುಂದೆ ಆ ವಠಾರವನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ನಕ್ಷೆ ಬರೆದವನೂ ನಾನೇ. ಮನೆಗೊಂದು ಬಚ್ಚಲು, ಕಕ್ಕಸು ಬಂತು. ಅದು ಬೇಕೇ ಇತ್ತು. ಆದರೆ ಅಂಗಳವು ಕಾರು ನಿಲ್ಲಿಸುವ ಜಾಗವಾಯಿತು. ಬಾಡಿಗೆಗಿದ್ದವರಲ್ಲಿ ಒಬ್ಬರಿಗೂ ಮರಳಿ ಬರಲಾಗಲಿಲ್ಲ, ಚಿಕ್ಕಪ್ಪನಿಗೂ.

ಹಳೆಯ ಗೋಡೆಗಳು ಗಟ್ಟಿಯಾಗಿದ್ದವು. ಅವನ್ನು ಉಳಿಸಿಕೊಂಡು ಮೇಲೊಂದು ಹಗುರ ಮಹಡಿ ಏರಿಸಿ, ಹಿಂದುಗಡೆ ಬಚ್ಚಲು ಸೇರಿಸಬಹುದಿತ್ತು. ಆ ನಕ್ಷೆಯನ್ನು ನಾನು ಬರೆದೇ ನೋಡಲಿಲ್ಲ.

ಈಗ ನಮ್ಮೂರ ಹಳೇ ಬೀದಿಯ ಸಾಲುಮನೆಗಳನ್ನೂ ಕೆಡವುವ ಮಾತು ಕೇಳಿಬರುತ್ತಿದೆ. ಅದಕ್ಕೆ ಮೊದಲು ಗೋಡೆಗಳನ್ನು ಪರೀಕ್ಷಿಸಿ, ಅಳತೆ ತೆಗೆಸಿ ಎಂದು ಊರವರಲ್ಲಿ ನನ್ನ ವಿನಂತಿ. ಉಳಿಸುವ ನಕ್ಷೆಯನ್ನು ನಾನು ಬರೆದುಕೊಡುತ್ತೇನೆ.