ಉಪಗ್ರಹ

‘ಗ್ರಹ’ದ ಮೂಲಾರ್ಥ ಹಿಡಿಯುವುದು, ‘ಉಪ’ ಎಂದರೆ ಹತ್ತಿರದ, ಅಧೀನದ. ಪಂಚಾಂಗದ ಗುಳಿಕಕಾಲ ಗೊತ್ತಲ್ಲ, ಆ ಗುಳಿಕನೂ ಜ್ಯೋತಿಷ್ಯದಲ್ಲಿ ಉಪಗ್ರಹವೇ. ಇಂಗ್ಲಿಷಿನ ‘ಸ್ಯಾಟಲೈಟ್’ ಬಂದದ್ದು ಲ್ಯಾಟಿನ್ನಿನಿಂದ. ಅಲ್ಲಿ ಅದು ಅಂಗರಕ್ಷಕ. 1611ರಲ್ಲಿ ಕೆಪ್ಲರ್ ಗುರುವಿನ ಚಂದ್ರರನ್ನು ಹಾಗೆ ಕರೆದ.

ಕಾವಲಿನ ಆ ಅರ್ಥ ಅಮೆರಿಕದ ಸೇನಾ ಹವಾಮಾನ ಉಪಗ್ರಹಗಳಿಗೆ ತುಂಬ ಒಪ್ಪುತ್ತದೆ. ಬೇಹುಗಾರಿಕೆ ಕ್ಯಾಮೆರಾದ ಫಿಲ್ಮು ಬರೀ ಮೋಡ ತೆಗೆದು ಹಾಳಾಗದಿರಲೆಂದು 1960ರ ದಶಕದಲ್ಲಿ ಗುಟ್ಟಾಗಿ ಹುಟ್ಟಿದವು ಇವು. ಸುಮಾರು 830 ಕಿ.ಮೀ. ಎತ್ತರ, ಧ್ರುವದ ಮೇಲಿನ ಹಾದಿ, 101 ನಿಮಿಷಕ್ಕೊಂದು ಸುತ್ತು, 3,000 ಕಿ.ಮೀ. ಅಗಲದ ನೋಟ. ಬೆಳದಿಂಗಳಿನ ಮೋಡ ಕಾಣಲೆಂದು ಅಷ್ಟು ಸೂಕ್ಷ್ಮಗೊಳಿಸಿದ ಕಣ್ಣಿಗೆ ಅಮಾವಾಸ್ಯೆಯ ಇರುಳಿನಲ್ಲಿ ಊರದೀಪಗಳು, ಕಾಡ್ಗಿಚ್ಚು, ಜಪಾನ್ ಸಮುದ್ರದ ಮೀನುದೋಣಿಗಳ ಬೆಳಕೂ ಕಂಡವು!